ಮುಂಬೈಯನ್ನು ಏಳಾಗಿ ಬಿಡಿಸುವುದು

— ನೀರಿನ ನಡುವೆ ಏಳು ತುಂಡು ನೆಲ ಕಾಣುತ್ತಿದೆ. ಮನೆಯಿಲ್ಲ, ರಸ್ತೆಯಿಲ್ಲ. ಯಾವ ಊರಮ್ಮ ಇದು?

— ಮುಂಬೈ. ಊರಾಗುವುದಕ್ಕೆ ಮೊದಲಿನ ಮುಂಬೈ. ದಕ್ಷಿಣದ ತುದಿಯಲ್ಲಿ ಕೊಲಾಬಾ, ಅದರ ಪಕ್ಕ ಪುಟ್ಟ ಕೊಲಾಬಾ, ಆಮೇಲೆ ಬಾಂಬೆ ದ್ವೀಪ, ಪೂರ್ವಕ್ಕೆ ಮಝಗಾಂವ್, ಪಶ್ಚಿಮಕ್ಕೆ ವರ್ಲಿ, ಉತ್ತರಕ್ಕೆ ಪರೇಲ್ ಮತ್ತು ಮಾಹಿಮ್. ಸಿಟೀಸ್: ಸ್ಕೈಲೈನ್ಸ್ ಅಂತ ಊರು ಕಟ್ಟುವ ವಿಡಿಯೊ ಗೇಮ್ ಇದೆ. ಅದಕ್ಕೆ ಈ ನಕ್ಷೆ ಮಾಡುತ್ತಿದ್ದೇನೆ. ನೀವು ನೌಕರಿಯ ಕಾಲವನ್ನೆಲ್ಲ ಪರೇಲಿನಲ್ಲಿ ಕಳೆದವರು, ಅದಕ್ಕೇ ನಿಮಗೆ ತೋರಿಸಬೇಕು ಅನ್ನಿಸಿತು.

— ಆಟ ಮಾಡಿದವರೇ ನಕ್ಷೆ ಕೊಡುವುದಿಲ್ಲವಾ?

— ಕೊಡುತ್ತಾರೆ. ಜೊತೆಗೆ ನಕ್ಷೆ ಮಾಡುವ ಸಾಧನವನ್ನೂ ಕೊಟ್ಟಿದ್ದಾರೆ, ಮ್ಯಾಪ್ ಎಡಿಟರ್ ಅಂತ. ಆಟ ಬಂದದ್ದು 2015ರ ಮಾರ್ಚ್‌ನಲ್ಲಿ. ಮಾಡಿದ್ದು ಫಿನ್‌ಲ್ಯಾಂಡಿನ ಟಾಂಪೆರೆ ಊರಿನ ಕೊಲೊಸಲ್ ಆರ್ಡರ್ ಎಂಬ ಸಣ್ಣ ತಂಡ. 2023ರಲ್ಲಿ ಎರಡನೆಯ ಆಟವೂ ಬಂತು, ಆದರೆ ನಾನು ಮೊದಲಿನದರಲ್ಲೇ ಇದ್ದೇನೆ. ಇದರ ನೆಲ, ನೀರು ಹೇಗೆ ನಡೆದುಕೊಳ್ಳುತ್ತವೆ ಅನ್ನುವುದು ನನಗೆ ಕೈಯಳತೆಯಲ್ಲಿ ಗೊತ್ತು.

— ಊರು ಕಟ್ಟುವುದು ಆಟವಾದರೆ ನೆಲ ಮಾಡುವುದು ಕೆಲಸವಾಯಿತಲ್ಲ. ನಿನಗೆ ಇಷ್ಟ ಯಾವುದು?

— ನೆಲ ಮಾಡುವುದೇ. ಅದು ನನ್ನೊಬ್ಬಳ ಗೀಳಲ್ಲ. ಈ ಬಗೆಯ ಆಟಗಳೆಲ್ಲ ಹುಟ್ಟಿದ್ದೇ ಹಾಗೆ. 1984ರಲ್ಲಿ ಅಮೆರಿಕದ ವಿಲ್ ರೈಟ್ ಎಂಬಾತ ‘ರೇಡ್ ಆನ್ ಬಂಗಲಿಂಗ್ ಬೇ’ ಅಂತ ಒಂದು ಆಟ ಮಾಡಿದ. ಹೆಲಿಕಾಪ್ಟರಿನಲ್ಲಿ ಹೋಗಿ ದ್ವೀಪಗಳ ಮೇಲಿನ ಕಾರ್ಖಾನೆಗಳಿಗೆ ಬಾಂಬು ಹಾಕುವ ಆಟ. ಆ ದ್ವೀಪಗಳನ್ನು ಬಿಡಿಸಲು ತನಗೋಸ್ಕರ ಒಂದು ಸಾಧನ ಮಾಡಿಕೊಂಡಿದ್ದ. ಬಾಂಬು ಹಾಕುವುದಕ್ಕಿಂತ ದ್ವೀಪ ಬಿಡಿಸಿ ಅದರ ಮೇಲೆ ರಸ್ತೆ, ಕಟ್ಟಡ ಇಡುವುದರಲ್ಲೇ ಅವನಿಗೆ ಹೆಚ್ಚು ಖುಷಿ ಸಿಕ್ಕಿತು. ಅದು ಬೆಳೆದು 1989ರಲ್ಲಿ ಸಿಮ್‌ಸಿಟಿ ಆಯಿತು. ಇವತ್ತು ಊರು ಕಟ್ಟುವ ಆಟ ಎಂದು ಏನೇನಿದೆಯೋ ಎಲ್ಲದರ ಹಿಂದೆ ಒಂದು ದ್ವೀಪದ ನಕ್ಷೆ ಇದೆ.

— ಸರಿ, ದ್ವೀಪವೇ ಆಗಲಿ. ಮಾಲ್ಡೀವ್ಸ್ ಇದೆ, ಸಿಂಗಾಪುರ ಇದೆ. ಮನಸ್ಸಿಗೆ ಬಂದ ದ್ವೀಪವನ್ನು ಕಲ್ಪಿಸಿಕೊಳ್ಳಲೂಬಹುದು. ಮುಂಬೈಯೇ ಯಾಕೆ?

— ಕಲ್ಪನೆಯ ದ್ವೀಪಗಳು ಬೇಕಾದಷ್ಟಿವೆ. ನಡುವೆ ಒಂದು ಬೆಟ್ಟ, ಸುತ್ತ ಮರಳ ದಂಡೆ, ಕಟ್ಟಲು ಅನುಕೂಲವಾದ ಬಯಲು. ನೋಡಲು ಚೆಂದ. ಆಟಗಾರ ಅದರ ಮೇಲೆ ಚೌಕಳಿ ರಸ್ತೆ ಎಳೆದು ಮುಗಿಸಿಬಿಡುತ್ತಾನೆ. ನೆಲ ಅವನಿಗೆ ಏನನ್ನೂ ಹೇಳುವುದಿಲ್ಲ, ಅವನೂ ನೆಲವನ್ನು ಕೇಳುವುದಿಲ್ಲ. ನನಗೆ ಬೇಕಾದದ್ದು ಎದುರು ಮಾತಾಡುವ ನೆಲ. ‘ಇಲ್ಲಿ ಕಟ್ಟಬಹುದು, ಆದರೆ ನಾಳೆ ನನ್ನನ್ನು ಕೇಳಬೇಡ’ ಅನ್ನುವಂಥದ್ದು. ಹಾಗೆ ಎದುರು ಮಾತಾಡಿದ ನೆಲ ನಮ್ಮ ಹತ್ತಿರದಲ್ಲಿ ಯಾವುದು ಎಂದು ಯೋಚಿಸಿದರೆ ಮುಂಬೈ ಬಿಟ್ಟು ಬೇರೆ ಹೆಸರು ಬರಲಿಲ್ಲ.

— ಅದು ನಿಜ. ಜುಲೈ ತಿಂಗಳಲ್ಲಿ ಹಿಂದ್‌ಮಾತಾ ಚೌಕದಲ್ಲಿ ನಿಂತವರಿಗೆ ಆ ಮಾತು ಕೇಳಿಸಿರುತ್ತದೆ. ಮೊಣಕಾಲ ಮಟ್ಟ ನೀರು. ದಾದರಿಗೂ ಪರೇಲಿಗೂ ನಡುವಿನ ತಗ್ಗು ಅದು, ಸುತ್ತಲಿನ ನೀರೆಲ್ಲ ಅಲ್ಲಿಗೇ ಬರುತ್ತದೆ. ಈಚೆಗೆ ಹತ್ತಿರದ ಮೈದಾನಗಳ ಅಡಿಯಲ್ಲಿ ದೊಡ್ಡ ತೊಟ್ಟಿಗಳನ್ನು ಕಟ್ಟಿ ಮಳೆನೀರು ಹಿಡಿದಿಡುತ್ತಿದ್ದಾರೆ. ಅಂದ ಹಾಗೆ, ಈ ಆಕಾರ ನಿನಗೆ ಎಲ್ಲಿಂದ ಸಿಕ್ಕಿತು? ಉಪಗ್ರಹ ಚಿತ್ರವಾ?

— ಅಲ್ಲೇ ಮೊದಲ ತೊಡಕು. ಆಟಕ್ಕೆ ಬೇಕಾದದ್ದು ಹೈಟ್‌ಮ್ಯಾಪ್, ಅಂದರೆ ಒಂದು ಕಪ್ಪು-ಬಿಳುಪು ಚಿತ್ರ. ಉದ್ದಕ್ಕೆ 1081 ಚುಕ್ಕೆ, ಅಗಲಕ್ಕೆ 1081 ಚುಕ್ಕೆ. ಕಪ್ಪಾದಷ್ಟೂ ತಗ್ಗು, ಬಿಳಿಯಾದಷ್ಟೂ ಎತ್ತರ. ಚುಕ್ಕೆಯಿಂದ ಚುಕ್ಕೆಗೆ 16 ಮೀಟರ್, ಆದ್ದರಿಂದ ಇಡೀ ನಕ್ಷೆ 17.28 ಕಿಲೊಮೀಟರ್ ಉದ್ದ, ಅಷ್ಟೇ ಅಗಲ. ಎತ್ತರ ಸೊನ್ನೆಯಿಂದ 1024 ಮೀಟರ್‌ವರೆಗೆ. ಸಮುದ್ರದ ಮಟ್ಟ ತಾನಾಗಿ 40 ಮೀಟರಿನಲ್ಲಿ ನಿಂತಿರುತ್ತದೆ. ಅದಕ್ಕಿಂತ ಕೆಳಗಿರುವುದೆಲ್ಲ ಕಡಲ ತಳ. ಚಿತ್ರ 16 ಬಿಟ್‌ನದಾಗಿರಬೇಕು. 8 ಬಿಟ್‌ನ ಮಾಮೂಲಿ ಚಿತ್ರ ಹಾಕಿದರೆ 256 ಛಾಯೆ ಮಾತ್ರ ಸಿಗುತ್ತದೆ, ಒಂದರಿಂದ ಇನ್ನೊಂದಕ್ಕೆ 4 ಮೀಟರ್ ಜಿಗಿತ. ಇಡೀ ತೀರ ಮೆಟ್ಟಿಲು ಮೆಟ್ಟಿಲಾಗಿಬಿಡುತ್ತದೆ. ಮುಂಬೈಯಂಥ ತಗ್ಗು ನೆಲಕ್ಕೆ 4 ಮೀಟರ್ ಅಂದರೆ ಕೆಸರಿಗೂ ಊರಿಗೂ ಇರುವ ಅಂತರ.

— ಎತ್ತರದ ಲೆಕ್ಕ ಯಾರ ಹತ್ತಿರ ಇರುತ್ತದೆ?

— 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿ ಸುತ್ತಿ ರೇಡಾರಿನಿಂದ ನೆಲದ ಎತ್ತರ ಅಳೆಯಿತು. 60 ಮೀಟರ್ ಉದ್ದದ ಕೋಲನ್ನು ಹೊರಗೆ ಚಾಚಿ, ಅದರ ತುದಿಗೆ ಇನ್ನೊಂದು ಆಂಟೆನಾ ಕಟ್ಟಿಕೊಂಡು. ಭೂಮಿಯ ನೆಲದಲ್ಲಿ ಸುಮಾರು ಶೇಕಡ 80 ಆ ಅಳತೆಯಲ್ಲಿದೆ. ನಿಜವಾದ ಊರುಗಳ ನಕ್ಷೆ ಮಾಡುವವರು ಬಹಳ ಮಟ್ಟಿಗೆ ನೆಚ್ಚುವುದು ಅದನ್ನೇ. ಆದರೆ ಆ ರೇಡಾರ್ ನೀರಿನೊಳಗೆ ಇಳಿಯುವುದಿಲ್ಲ. ಕಡಲು ಅದಕ್ಕೆ ಒಂದು ಚಪ್ಪಟೆ ಹಾಳೆ. ಇನ್ನೊಂದು ತೊಂದರೆ, ಅದು ಕಟ್ಟಡಗಳ ನೆತ್ತಿಯನ್ನೂ ನೆಲವೆಂದೇ ಅಳೆದಿರುತ್ತದೆ. ದಕ್ಷಿಣ ಮುಂಬೈಯ ಎತ್ತರದ ಕಟ್ಟಡಗಳಿರುವ ಕಡೆ ನೆಲವೇ ಉಬ್ಬಿದ ಹಾಗೆ ಕಾಣುತ್ತದೆ. ಅಲ್ಲಿ ಇದ್ದದ್ದು ಕಡಲು!

— ಮೇಲಿನಿಂದ ನೋಡುವ ಕಣ್ಣಿಗೆ ಇವತ್ತಿನದು ಮಾತ್ರ ಕಾಣುತ್ತದೆ.

— ಹೌದು. ಅದಕ್ಕೇ ಆ ದತ್ತಾಂಶದಿಂದ ಮಲಬಾರ್ ಗುಡ್ಡದ ಬೆನ್ನು, ವರ್ಲಿಯ ದಿಣ್ಣೆ, ಉತ್ತರದ ಒಂದೆರಡು ಗುಡ್ಡ ಇಷ್ಟನ್ನು ತೆಗೆದುಕೊಂಡೆ. ಉಳಿದದ್ದು ಕೈಯಲ್ಲಿ. ಹಳೆಯ ನಕ್ಷೆಗಳನ್ನೂ 1909ರ ಬಾಂಬೆ ಗೆಜೆಟಿಯರನ್ನೂ ಪಕ್ಕಕ್ಕಿಟ್ಟುಕೊಂಡು ಕುಂಚದಿಂದ ನೆಲ ಇಳಿಸುವುದು, ಏರಿಸುವುದು.

— ಹಳೆಯ ನಕ್ಷೆಯಲ್ಲಿ ಏಳು ದ್ವೀಪ ಚೊಕ್ಕಟವಾಗಿ ಬಿಡಿಬಿಡಿಯಾಗಿರುತ್ತವೆ, ಶಾಲೆಯ ಪುಸ್ತಕದಲ್ಲೂ ಹಾಗೇ. ಅದನ್ನು ನಂಬಬೇಡ. ಮುಂಬೈಯ ಉಬ್ಬರ ನೋಡಿದ್ದೀಯಾ? ಮಳೆಗಾಲದಲ್ಲಿ 4.5 ಮೀಟರ್ ದಾಟುವ ದಿನಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ. ಇಳಿತ ಬಂದಾಗ ಅದೇ ಜಾಗ ಕೆಸರು ಬಯಲು. ಈ ದ್ವೀಪಗಳ ನಡುವಿನ ಎಷ್ಟೋ ಜಾಗ ದಿನಕ್ಕೆ ಎರಡು ಸಲ ಕಡಲು, ಎರಡು ಸಲ ನೆಲ. ಒಂದು ಗೆರೆ ಎಳೆದು ಇಲ್ಲಿಗೆ ದ್ವೀಪ ಮುಗಿಯಿತು ಅನ್ನುವ ಹಾಗಿರಲಿಲ್ಲ.

— ನನ್ನ ನಿದ್ದೆ ಕೆಡಿಸಿದ್ದೇ ಅದು. ಈ ಆಟದಲ್ಲಿ ಉಬ್ಬರವಿಳಿತ ಇಲ್ಲ. ಕಡಲು ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಆ ಕೆಸರು ಬಯಲನ್ನು ನೀರು ಎನ್ನಲೋ ನೆಲ ಎನ್ನಲೋ ನಾನೇ ತೀರ್ಮಾನಿಸಬೇಕು. ನೀರು ಅಂದೆ. ಆದರೆ ಆಳವಿಲ್ಲದ ನೀರು, ಒಂದು ಮೀಟರ್, ಕೆಲವು ಕಡೆ ಅದಕ್ಕೂ ಕಡಿಮೆ.

— ಒಂದೇ ಮೀಟರ್ ಯಾಕೆ?

— ಅದರಲ್ಲೇ ಈ ನಕ್ಷೆಯ ಜೀವ ಇದೆ. 2016ರಿಂದ ಆಟದೊಳಗೇ ನೆಲ ಏರಿಸುವ, ತಗ್ಗಿಸುವ ಸಾಧನ ಬಂದಿದೆ. ಅದಕ್ಕೆ ಮುಂಚೆ ನಕ್ಷೆ ಮಾಡಿದವನ ನೆಲವೇ ಅಂತಿಮ. ಈಗ ಆಟಗಾರ ಕಡಲನ್ನೂ ತುಂಬಬಹುದು. ಆದರೆ ಮಣ್ಣು ಪುಕ್ಕಟೆ ಸಿಗುವುದಿಲ್ಲ. ಎಲ್ಲಾದರೂ ಅಗೆದರೆ ಮಣ್ಣು ಜಮೆಯಾಗುತ್ತದೆ, ತುಂಬಿದರೆ ಖರ್ಚಾಗುತ್ತದೆ. ಕೊಲ್ಲಿ ತುಂಬಬೇಕಾದರೆ ಗುಡ್ಡ ಕಡಿಯಬೇಕು.

— ಅಲ್ಲ, ಮುಂಬೈಯಲ್ಲಿ ನಡೆದದ್ದೂ ಅದೇ ತಾನೆ! ಡೋಂಗ್ರಿ ಕಡೆಯ ಗುಡ್ಡಗಳನ್ನು ಕಡಿದು ತಗ್ಗಿಗೆ ಸುರಿದರು. ಅಲ್ಲಿ ಓಡಾಡುವವರಿಗೆ ಗುಡ್ಡ ಇತ್ತೆಂಬ ಗುರುತೇ ಸಿಗುವುದಿಲ್ಲ. ಆಟ ಮಾಡಿದವರಿಗೆ ಈ ಕಥೆ ಗೊತ್ತಿತ್ತಾ?

— ಅವರು ಬರೀ ಲೆಕ್ಕ ಸರಿದೂಗಿಸಿರಬೇಕು. ಲೆಕ್ಕ ಸರಿದೂಗಿಸಿದಾಗ ಇತಿಹಾಸ ತಾನಾಗಿ ಬಂದು ಸೇರಿಕೊಂಡಿದೆ. ಆಳವಿಲ್ಲದ ನೀರನ್ನು ತುಂಬಲು ಕಡಿಮೆ ಮಣ್ಣು ಸಾಕು. ಆಳದ ನೀರಿಗೆ ಒಂದು ಬೆಟ್ಟವೇ ಬೇಕು. ಅಂದರೆ ನಾನು ಎಲ್ಲಿ ಎಷ್ಟು ಆಳ ಇಡುತ್ತೇನೋ ಅದು ಆಟಗಾರನಿಗೆ ನಾನು ಬರೆದುಕೊಟ್ಟ ದರಪಟ್ಟಿ. ಬಾಂಬೆಗೂ ವರ್ಲಿಗೂ ನಡುವೆ ಒಂದು ಮೀಟರ್. ಪೂರ್ವಕ್ಕೆ, ಬಂದರಿನ ಕಡೆ, ಹಡಗು ಬರುವಷ್ಟು ಆಳ. ಅದನ್ನು ಯಾರೂ ತುಂಬುವುದಿಲ್ಲ, ಇದನ್ನು ಎಲ್ಲರೂ ತುಂಬುತ್ತಾರೆ.

— ವರ್ಲಿಯ ಆ ಸಂದನ್ನು ಇಂಗ್ಲಿಷಿನವರು ಗ್ರೇಟ್ ಬ್ರೀಚ್ ಅಂತಿದ್ದರು. ಉಬ್ಬರದಲ್ಲಿ ಕಡಲು ಅಲ್ಲಿಂದ ಒಳಗೆ ನುಗ್ಗಿ ನಡುವಿನ ತಗ್ಗನ್ನೆಲ್ಲ ಮುಳುಗಿಸುತ್ತಿತ್ತು. ವಿಲಿಯಂ ಹಾರ್ನ್‌ಬಿ ಗವರ್ನರ್ ಆಗಿದ್ದಾಗ ಅದಕ್ಕೆ ಅಡ್ಡ ಕಟ್ಟೆ ಹಾಕಿಸಿದ. ಹಾರ್ನ್‌ಬಿ ವೆಲ್ಲಾರ್ಡ್, 1784ರ ಹೊತ್ತಿಗೆ ಮುಗಿದದ್ದು. ಇವತ್ತು ಹಾಜಿ ಅಲಿಯ ಮುಂದೆ ಕಾರುಗಳು ಓಡುವುದು ಅದರ ಮೇಲೇ. ಆ ಕಟ್ಟೆ ಬರದಿದ್ದರೆ ಬೈಕಲಾ, ತಾರ್‌ದೇವ್ ಯಾವುದೂ ಇರುತ್ತಿರಲಿಲ್ಲ. ನೀನು ತುಂಬುವುದೆಲ್ಲ ತಪ್ಪು ಅನ್ನುವ ಹಾಗೆ ಮಾತಾಡಬೇಡ. ಪರೇಲಿನ ಗಿರಣಿಗಳಲ್ಲಿ ಹೊಟ್ಟೆ ಹೊರೆದ ಲಕ್ಷಾಂತರ ಜನ ಬದುಕಿದ್ದು ಹಾಗೆ ಒಣಗಿಸಿದ ನೆಲದ ಸುತ್ತಲೇ.

— ತಪ್ಪು ಅನ್ನುತ್ತಿಲ್ಲ. ತುಂಬಿದ ಮೇಲೆ ಏನಾಗುತ್ತದೆ ಅನ್ನುವುದೂ ನಕ್ಷೆಯಲ್ಲಿ ಇರಬೇಕು ಅನ್ನುತ್ತಿದ್ದೇನೆ. ಈ ಆಟದಲ್ಲಿ ಮಳೆ ನೋಟಕ್ಕೆ ಮಾತ್ರ. ಎಷ್ಟು ಸುರಿದರೂ ಹೊಳೆ ಏರುವುದಿಲ್ಲ. ಆದರೆ ನೀರಿನ ಹರಿವು ನಿಜವಾಗಿ ಲೆಕ್ಕವಾಗುತ್ತದೆ. ಎಡಿಟರಿನಲ್ಲಿ ನೀರಿನ ಮೂಲವೊಂದನ್ನು ಇಟ್ಟರೆ ಅಲ್ಲಿಂದ ನೀರು ಚಿಮ್ಮಿ ತಗ್ಗು ಹುಡುಕಿಕೊಂಡು ಹೋಗುತ್ತದೆ, ಅಡ್ಡ ಸಿಕ್ಕಿದರೆ ಮಡುಗಟ್ಟುತ್ತದೆ. ಅದಕ್ಕೇ ಮುಂಗಾರಿಗೆ ಬದಲಾಗಿ ಪರೇಲ್ ಬದಿಯ ತಗ್ಗಿನಲ್ಲಿ ಒಂದು ಸಣ್ಣ ಮೂಲ ಇಟ್ಟೆ. ಅದರ ನೀರು ವರ್ಲಿಯ ಸಂದಿನಿಂದ ಹೊರಗೆ ಹೋಗುತ್ತದೆ. ಆಟಗಾರ ಆ ಸಂದನ್ನು ಮುಚ್ಚಿದ ಅಂದುಕೊಳ್ಳಿ...

— ನೀರು ಹಿಂದಕ್ಕೆ ನಿಲ್ಲುತ್ತದೆ.

— ನಿಧಾನವಾಗಿ. ಅದು ಮುಖ್ಯ. ಮುಚ್ಚಿದ ತಕ್ಷಣ ಏನೂ ಆಗುವುದಿಲ್ಲ. ಅವನು ಅಲ್ಲಿ ಬೀದಿ ಎಳೆಯುತ್ತಾನೆ, ಮನೆಗಳು ಬರುತ್ತವೆ, ಶಾಲೆ ಬರುತ್ತದೆ. ಆಮೇಲೆ ಒಂದು ದಿನ ಅತ್ಯಂತ ತಗ್ಗಿನ ಬೀದಿಯಲ್ಲಿ ನೀರು ಕಾಣುತ್ತದೆ. ಆಗ ಅವನ ಮುಂದೆ ಎರಡೇ ದಾರಿ: ಕಾಲುವೆ ಬಿಟ್ಟುಕೊಡುವುದು ಅಥವಾ ಪಂಪು ಇಡುವುದು. ಆಟದ ನೀರಿನ ಪಂಪು ನಿಜವಾಗಿಯೂ ಆ ನೀರನ್ನು ಎತ್ತಿ ಕಡಿಮೆ ಮಾಡುತ್ತದೆ.

— ಹಾಜಿ ಅಲಿಯಲ್ಲಿ ಪಂಪಿಂಗ್ ಕೇಂದ್ರ ಇದೆ, ವರ್ಲಿಯಲ್ಲಿ ಲವ್‌ಗ್ರೋವ್ ಇದೆ. ಮಳೆನೀರನ್ನು ಎತ್ತಿ ಕಡಲಿಗೆ ಸುರಿಯುವುದೇ ಅವುಗಳ ಕೆಲಸ. ಯಾಕೆಂದರೆ ಉಬ್ಬರದ ಹೊತ್ತಿಗೆ ಕಡಲು ಚರಂಡಿಯ ಬಾಯಿಗಿಂತ ಮೇಲಿರುತ್ತದೆ, ನೀರು ತಾನಾಗಿ ಹೋಗುವುದಿಲ್ಲ. ಹಾರ್ನ್‌ಬಿ ಕಡಲನ್ನು ಹೊರಗಿಟ್ಟ. ಮಳೆಯನ್ನು ಹೊರಗೆ ಕಳಿಸುವ ಕೆಲಸ ಇನ್ನೂ ನಡೆಯುತ್ತಲೇ ಇದೆ. ನಿನ್ನ ನಕ್ಷೆಯಲ್ಲಿ ಆಟಗಾರ ಕೂಡ ಕಡೆಗೆ ಅಲ್ಲಿಗೇ ಬಂದು ಪಂಪು ಇಡುತ್ತಾನೆ ಅಂದರೆ ನನಗೆ ಮೈ ಜುಮ್ಮೆನ್ನುತ್ತದೆ.

— 2005ರ ಪ್ರಳಯ ನೀವು ಕಂಡವರಲ್ಲವಾ?

— ಜುಲೈ 26. ಸಾಂತಾಕ್ರೂಜಿನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಾತ್ರ. ಒಂದೇ ಊರು, ಒಂದೇ ದಿನ. ಮಿಠಿ ನದಿಯ ಪಾತ್ರವನ್ನು ಒತ್ತುತ್ತಾ ಒತ್ತುತ್ತಾ ಊರು ಬೆಳೆದಿತ್ತು. ಅವತ್ತು ಮನೆ ಮುಟ್ಟಲಾಗದೆ ರೈಲಿನಲ್ಲಿ, ಆಫೀಸಿನಲ್ಲಿ ರಾತ್ರಿ ಕಳೆದವರು ಎಷ್ಟೋ ಮಂದಿ, ಮನೆಗೆ ಬಾರದೇ ಹೋದವರೂ ಎಷ್ಟೋ ಮಂದಿ. ಅದನ್ನು ಆಟದಲ್ಲಿ ತರುವ ಪ್ರಯತ್ನ ಮಾಡಬೇಡ.

— ಮಾಡುವುದಿಲ್ಲ. ಬೀದಿಗೆ ಮೊಣಕಾಲ ನೀರು ಸಾಕು.

— ಇಷ್ಟು ದೊಡ್ಡ ಊರು ನಿನ್ನ ಚೌಕದಲ್ಲಿ ಹೇಗೆ ಹಿಡಿಯಿತು? ಕೊಲಾಬಾ ತುದಿಯಿಂದ ಮಾಹಿಮ್‌ವರೆಗೆ ಹದಿನಾರು ಕಿಲೊಮೀಟರಿಗೂ ಮೇಲಿದೆ.

— ನಕ್ಷೆಯ 17.28 ಕಿಲೊಮೀಟರಿನಲ್ಲಿ ಹಿಡಿಯುತ್ತದೆ. ಕಟ್ಟಲು ಸಿಗುವ ಜಾಗದಲ್ಲಿ ಹಿಡಿಯುವುದಿಲ್ಲ. ಇಡೀ ನಕ್ಷೆಯನ್ನು 81 ಚೌಕಗಳಾಗಿ ಒಡೆದಿದ್ದಾರೆ. ಒಂದೊಂದರ ಬದಿ 1.92 ಕಿಲೊಮೀಟರ್. ನಡುವಿನ 25ರಲ್ಲಿ 9 ಚೌಕಗಳನ್ನು ಆಟಗಾರ ಕೊಳ್ಳಬಹುದು. ಉಳಿದದ್ದು ದೂರದ ನೋಟ. ಹೊರಗಿನವರು ಮಾಡಿದ ಸೇರ್ಪಡೆ ಹಾಕಿಕೊಂಡರೆ 81ನ್ನೂ ಬಿಡಿಸಿಕೊಳ್ಳಬಹುದು, ಆದರೆ ಯಾವ ಸೇರ್ಪಡೆಯೂ ಇಲ್ಲದವನಿಗೂ ಈ ನಕ್ಷೆ ಆಡಲು ಬರಬೇಕು. ಆದ್ದರಿಂದ ಅರ್ಧಕ್ಕೆ ಇಳಿಸಿದೆ. ನಿಜವಾದ 16 ಕಿಲೊಮೀಟರ್ ಇಲ್ಲಿ 8. ನಡುವಿನ 9.6 ಕಿಲೊಮೀಟರಿನೊಳಗೆ ಕೂತುಕೊಳ್ಳುತ್ತದೆ.

— ಅರ್ಧ ಮಾಡಿದರೆ ರಸ್ತೆಗಳೂ ಅರ್ಧ ಆಗುತ್ತವಾ?

— ಇಲ್ಲ, ರಸ್ತೆ, ಮನೆಗಳ ಅಳತೆ ಬದಲಾಗುವುದಿಲ್ಲ. ನೆಲ ಮಾತ್ರ ಚಿಕ್ಕದು. ಅದರಿಂದ ಇಕ್ಕಟ್ಟು ಇನ್ನೂ ಹೆಚ್ಚಾಗುತ್ತದೆ, ಅದು ಮುಂಬೈಗೆ ಒಪ್ಪುತ್ತದೆ. ಎತ್ತರವನ್ನು ಮಾತ್ರ ಅರ್ಧ ಮಾಡಲಿಲ್ಲ. ಮಲಬಾರ್ ಗುಡ್ಡ ಐವತ್ತು ಮೀಟರಿನ ಆಸುಪಾಸಿನದು. ಅದನ್ನೂ ಇಪ್ಪತ್ತೈದಕ್ಕೆ ಇಳಿಸಿದರೆ ಗುಡ್ಡ ಅನ್ನಿಸುವುದಿಲ್ಲ. ಒಂಬತ್ತೇ ಚೌಕ ಅನ್ನುವ ಮಿತಿಯೂ ಒಳ್ಳೆಯದೇ ಆಯಿತು. ಏಳೂ ದ್ವೀಪ ಪೂರ್ತಿ ಕೈಗೆ ಬರುವುದಿಲ್ಲ. ಯಾವುದನ್ನು ಬಿಡಬೇಕು ಅಂತ ಅವನೇ ನಿರ್ಧರಿಸಬೇಕು.

— ಕುಡಿಯುವ ನೀರಿನ ವ್ಯವಸ್ಥೆ? ಬಾವಿ, ಕೆರೆ ಬಿಟ್ಟರೆ ಈ ದ್ವೀಪಗಳಿಗೆ ಬೇರೆ ಗತಿಯಿರಲಿಲ್ಲ. 1860ರಲ್ಲಿ ವಿಹಾರ್ ಕೆರೆಯಿಂದ ಕೊಳವೆ ನೀರು ಬಂತು, ಅದು ಇರುವುದು ಉತ್ತರದ ಸಾಷ್ಟಿ ದ್ವೀಪದಲ್ಲಿ, ಈ ಏಳರ ಹೊರಗೆ. ಆಮೇಲೆ ತುಲಸಿ, ತಾನ್ಸಾ, ಇನ್ನೂ ದೂರ ದೂರ. ದ್ವೀಪದ ಊರುಗಳೆಲ್ಲ ಹಾಗೇ. ನ್ಯೂಯಾರ್ಕಿನ ಮ್ಯಾನ್‌ಹಟನ್ನಿಗೆ 1842ರಲ್ಲಿ ಕ್ರೋಟನ್ ನದಿಯ ನೀರನ್ನು 66 ಕಿಲೊಮೀಟರ್ ದೂರದಿಂದ ತಂದರು. ಸಿಂಗಾಪುರ ಇವತ್ತಿಗೂ ಮಲೇಶಿಯಾದ ಜೋಹೋರಿನಿಂದ ನೀರು ಕೊಳ್ಳುತ್ತದೆ. ಸುತ್ತ ನೀರಿದ್ದೂ ಬಾಯಾರುವುದೇ ದ್ವೀಪದ ಹಣೆಬರಹ. ನಿನ್ನ ಆಟಗಾರನೂ ಬಾಯಾರಬೇಕು.

— ಆ ಒಂದು ಕಡೆ ಆಟ ನನ್ನ ಕೈ ಕಟ್ಟಿಹಾಕಿದೆ. ಇಲ್ಲಿ ಕಡಲ ನೀರಿಗೆ ಉಪ್ಪಿಲ್ಲ. ದಂಡೆಯಲ್ಲಿ ಪಂಪು ಇಟ್ಟರೆ ಊರು ಕುಡಿಯುತ್ತದೆ.

— ಅದು ದೊಡ್ಡ ಸುಳ್ಳು.

— ದೊಡ್ಡದೇ. ಆದರೆ ಇನ್ನೊಂದು ದಾರಿಯಿದೆ. ಕೊಳಚೆ ಬಿಟ್ಟ ಜಾಗದಿಂದ ಕಪ್ಪು ನೀರು ಹರಿವಿನ ಜೊತೆ ಹೋಗುತ್ತದೆ, ಹರಿವಿಲ್ಲದ ಕಡೆ ಅಲ್ಲೇ ಹರಡಿಕೊಳ್ಳುತ್ತದೆ. ಪಂಪು ಅದನ್ನು ಎಳೆದುಕೊಂಡರೆ ಊರಿಗೆ ಊರೇ ಕಾಯಿಲೆ ಬೀಳುತ್ತದೆ. ದ್ವೀಪದ ನಕ್ಷೆಗಳಲ್ಲಿ ಕಡಲು ನಿಂತ ನೀರಾಗಿರುವುದರಿಂದ ಇದು ಮಾಮೂಲಿ ಅಪಾಯ. ಕೆಲವರು ಅಂಚಿನಲ್ಲಿ ಬಲವಾದ ಮೂಲಗಳನ್ನಿಟ್ಟು ಕಡಲಿಗೇ ಹರಿವು ಕೊಟ್ಟು ಆಟಗಾರನನ್ನು ಪಾರು ಮಾಡುತ್ತಾರೆ. ನಾನು ಬಂದರಿನ ಕಡೆ ಒಂದಿಷ್ಟು ಹರಿವು ಕೊಟ್ಟು, ಕೊಲ್ಲಿಗಳೊಳಗೆ ಬೇಕೆಂದೇ ನಿಲ್ಲಿಸಿದ್ದೇನೆ. ಉಪ್ಪಿನ ಬಾಯಾರಿಕೆ ತರಲಾಗದು. ಕೊಳಚೆಯ ಭಯವನ್ನಾದರೂ ತರಬಹುದು.

— ಜನ ಎಲ್ಲಿಂದ ಬರುತ್ತಾರೆ?

— ಹೆದ್ದಾರಿಯಿಂದ. ಮೊದಲ ಚೌಕಕ್ಕೆ ಹೊರಗಿನಿಂದ ಬರುವ ಹೋಗುವ ಹೆದ್ದಾರಿ ಇರಬೇಕು. ಇಲ್ಲದಿದ್ದರೆ ಊರಿಗೆ ಜೀವವೇ ಇಲ್ಲ. ನಾನು ಉತ್ತರದಿಂದ, ಸಾಷ್ಟಿಯ ಕಡೆಯಿಂದ ತಂದಿದ್ದೇನೆ.

— ನಿಜದಲ್ಲಿ ಮೊದಲು ಬಂದದ್ದು ದೋಣಿ, ಹಡಗು. 1661ರಲ್ಲಿ ಪೋರ್ಚುಗೀಸರು ರಾಜಕುಮಾರಿಯ ವರದಕ್ಷಿಣೆಯೆಂದು ಇಂಗ್ಲೆಂಡಿನ ರಾಜನಿಗೆ ಕೊಟ್ಟದ್ದು, 1668ರಲ್ಲಿ ರಾಜ ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದ್ದು, ಎಲ್ಲ ಈ ಬಂದರಿಗಾಗಿ. ಸೇತುಕಟ್ಟೆಗಳು ಬಂದದ್ದು ಎಷ್ಟೋ ಆಮೇಲೆ. ಕೊಲಾಬಾದ್ದು 1838, ಮಾಹಿಮಿನದು 1845. ನಮ್ಮ ಕರಾವಳಿಯವರೂ ಹಿಂದೆ ಮಂಗಳೂರು, ಕಾರವಾರದಿಂದ ಹಡಗು ಹತ್ತಿಯೇ ಮುಂಬೈಗೆ ಹೋದದ್ದು. ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಊರಿಗೆ ಮನಿಯಾರ್ಡರ್ ಕಳಿಸಿದವರು. ಅವರ ಮುಂಬೈ ಶುರುವಾಗುವುದು ಧಕ್ಕೆಯಿಂದ.

— ಆಟದಲ್ಲಿ ಬಂದರು ಸಿಗುವುದು ಊರು ಒಂದಿಷ್ಟು ಬೆಳೆದ ಮೇಲೆ. ಆದರೂ ಹಡಗಿನ ದಾರಿಯನ್ನು ನಾನು ಈಗಲೇ ಎಳೆದಿಡಬೇಕು, ನಕ್ಷೆಯ ಅಂಚಿನವರೆಗೆ. ಮಝಗಾಂವ್ ಮುಂದೆಯೇ ಎಳೆದಿದ್ದೇನೆ. ಹಡಗು ಬಂದು ನಿಲ್ಲಲು ಸಾಲುವಷ್ಟು ಆಳವನ್ನೂ ಅಲ್ಲೇ ಕೊಟ್ಟಿದ್ದೇನೆ.

— ಮರಗಳು ಅಷ್ಟೇನಾ? ತೆಂಗು, ತಾಳೆಯ ತೋಪುಗಳು ತುಂಬ ಇದ್ದವು.

— ಇಡೀ ಆಟಕ್ಕೆ 2,62,144 ಮರಗಳ ಮಿತಿ ಇದೆ. ನಾನು ನೆಟ್ಟಷ್ಟೂ ಆಟಗಾರನ ಪಾಲಿನಿಂದ ಕಳೆದುಹೋಗುತ್ತದೆ. ಮಾಹಿಮ್ ಕಡೆ ದಟ್ಟವಾಗಿ, ಉಳಿದ ಕಡೆ ತೆಳುವಾಗಿ. ಎಣ್ಣೆ, ಅದಿರು ಯಾವುದನ್ನೂ ಹಾಕಲಿಲ್ಲ, ಸ್ವಲ್ಪ ಫಲವತ್ತಾದ ನೆಲ ಅಷ್ಟೆ. ಈ ದ್ವೀಪಗಳಿಗೆ ಇದ್ದ ಸಂಪತ್ತು ಬಂದರು ಒಂದೇ.

— ಇನ್ನೊಂದು ಮಾತು ಕೇಳಬೇಕು, ಬೇಸರ ಮಾಡಿಕೊಳ್ಳಬೇಡ. ನಿನ್ನ ನಕ್ಷೆ ಖಾಲಿ ಇದೆ. ಮನುಷ್ಯರೇ ಇಲ್ಲ. ಈ ದ್ವೀಪಗಳು ಯಾವಾಗ ಖಾಲಿ ಇದ್ದವು? ಕೋಳಿಗಳು ಇದ್ದರಲ್ಲ, ಮೀನುಗಾರರು. ಪೋರ್ಚುಗೀಸರಿಗೂ ಮುಂಚೆ, ಅವರಿಗಿಂತ ಹಿಂದಿನ ಅರಸರಿಗೂ ಮುಂಚೆ. ವರ್ಲಿಯ ಕೋಳಿವಾಡ ಇವತ್ತಿಗೂ ಇದೆ. ಈಚೆಗೆ ಕಡಲ ದಂಡೆಯ ರಸ್ತೆ ಕಟ್ಟುವಾಗ, ಕಂಬಗಳ ನಡುವೆ 60 ಮೀಟರ್ ಜಾಗ ಸಾಲದು, ನಮ್ಮ ದೋಣಿ ಅಪ್ಪಳಿಸುತ್ತವೆ ಎಂದು ಅವರು ಕೆಲಸಕ್ಕೆ ಅಡ್ಡ ನಿಂತರು. ಕಡೆಗೆ 120 ಮೀಟರ್ ಬಿಡಬೇಕಾಯಿತು. ಖಾಲಿ ನೆಲ ಎಂದು ತೋರಿಸಿದರೆ ಅವರನ್ನು ಅಳಿಸಿದ ಹಾಗಾಗುವುದಿಲ್ಲವಾ?

— ಆಗುತ್ತದೆ. ಊರು ಕಟ್ಟುವ ಆಟಗಳೆಲ್ಲ ಖಾಲಿ ನೆಲದಿಂದಲೇ ಶುರುವಾಗುತ್ತವೆ, ಈ ನೆಲದಲ್ಲಿ ಮೊದಲು ಯಾರಿದ್ದರು ಅಂತ ಯಾವ ಆಟವೂ ಕೇಳುವುದಿಲ್ಲ. ಎಡಿಟರಿನಲ್ಲಿ ಜನವಸತಿ ಇಡಲು ಆಗುವುದಿಲ್ಲ. ಆದರೆ 2020ರಲ್ಲಿ ಬಂದ ಸನ್‌ಸೆಟ್ ಹಾರ್ಬರ್ ಎಂಬ ಸೇರ್ಪಡೆಯಲ್ಲಿ ಮೀನುಗಾರಿಕೆ ಇದೆ. ಮೀನು ಬಂದರು, ದೋಣಿಗಳ ದಾರಿ, ಕೊಳಕು ನೀರಿದ್ದರೆ ಮೀನು ಕಡಿಮೆ, ಇದೆಲ್ಲ. ವರ್ಲಿಯ ತುದಿಯಲ್ಲಿ ಮೀನು ಬಂದರಿಗೆ ಹೇಳಿ ಮಾಡಿಸಿದಂಥ ಒಂದು ಬಾಗು ಬಿಟ್ಟಿದ್ದೇನೆ. ನಕ್ಷೆಯ ವಿವರಣೆಯಲ್ಲಿ ಇದು ಕೋಳಿಗಳ ಜಾಗ ಎಂದೂ ಬರೆಯುತ್ತೇನೆ.

— ಬರೆದರೆ ಯಾರು ಓದುತ್ತಾರೆ? ವರ್ಲಿಯ ಸಂದಿನಲ್ಲಿ ಒಂದೇ ಮೀಟರ್ ಆಳ, ಕಡಿಮೆ ಮಣ್ಣು. ಮೊದಲ ದಿನವೇ ತುಂಬಿಬಿಡುತ್ತಾರೆ. ಅಲ್ಲಿ ಆಳ ಮಾಡು. ಇಪ್ಪತ್ತು ಮೀಟರ್ ಮಾಡು. ಮಲಬಾರ್ ಗುಡ್ಡ ಪೂರ್ತಿ ಕಡಿದರೂ ತುಂಬಬಾರದು. ಆ ಸಂದು ಉಳಿಯಲಿ.

— ಅಲ್ಲಿ ಇಪ್ಪತ್ತು ಮೀಟರ್ ಆಳ ಎಂದೂ ಇರಲಿಲ್ಲ.

— ಇರಲಿಲ್ಲ. ಕಡಲಿಗೇ ಉಪ್ಪಿಲ್ಲದ ಆಟ ಇದು. ಒಂದು ಸುಳ್ಳು ಹೆಚ್ಚಾದರೆ ಏನಂತೆ? ಈ ಸುಳ್ಳಿನಿಂದ ಒಳ್ಳೆಯದಾಗುತ್ತದೆ.

— ಉಪ್ಪಿನ ಸುಳ್ಳು ಆಟದ್ದು, ಈ ಸುಳ್ಳು ನನ್ನದಾಗುತ್ತದೆ. ಅಷ್ಟೇ ಅಲ್ಲ. ತುಂಬಲು ಆಗದ ಕಡಲನ್ನು ತುಂಬದೆ ಬಿಟ್ಟವನು ಏನನ್ನೂ ಬಿಟ್ಟುಕೊಟ್ಟ ಹಾಗಾಗುವುದಿಲ್ಲ. ಆ ಸಂದು ತುಂಬಲು ಸುಲಭ ಇತ್ತು, ಅದಕ್ಕೇ ತುಂಬಿದರು. ಹಾರ್ನ್‌ಬಿಯ ಮುಂದೆ ಏನಿತ್ತೋ ಆಟಗಾರನ ಮುಂದೆಯೂ ಅದೇ ಇರಬೇಕು. ಮೊಣಕಾಲುದ್ದದ ನೀರು, ಅದರ ಆಚೆ ಬೇಕಾದ ನೆಲ, ಕೈಯಲ್ಲಿ ಸಾಲುವಷ್ಟು ಮಣ್ಣು. ಯಾರಾದರೂ ಒಬ್ಬ ಆಟಗಾರ ಅದನ್ನು ಬೇಕೆಂದೇ ಬಿಟ್ಟು, ಸೇತುವೆ ಕಟ್ಟಿ, ಕಂಬಗಳ ನಡುವೆ ದೋಣಿಗೆ ದಾರಿ ಇಟ್ಟರೆ, ಆ ಊರನ್ನು ನನಗೆ ನೋಡಬೇಕು. ನಾನೇ ಆಳ ಮಾಡಿಟ್ಟರೆ ಆ ಊರು ಹುಟ್ಟುವುದೇ ಇಲ್ಲ.

— ನೂರರಲ್ಲಿ ತೊಂಬತ್ತೊಂಬತ್ತು ಜನ ತುಂಬುತ್ತಾರೆ.

— ತುಂಬಲಿ. ಅವರಿಗೆ ಪರೇಲಿನ ತಗ್ಗಿನಲ್ಲಿ ಇಟ್ಟ ನೀರಿನ ಮೂಲ ಇದೆ.

— ಅದರ ಹರಿವು ಎಷ್ಟಿಟ್ಟಿದ್ದೀಯ, ತೋರಿಸು. ಬಹಳ ಕಡಿಮೆಯಾಯಿತು ಅನ್ನಿಸುತ್ತದೆ. ಮತ್ತೆ ಮೇಲೆ ಮಾಹಿಮ್ ಕಡೆ ಬಾ. ಮಿಠಿಯ ಬಾಯನ್ನು ನೀನು ಇವತ್ತಿನ ಅಗಲದಲ್ಲಿ ಬಿಡಿಸಿದ್ದೀಯ. ಅವತ್ತು ಅದು ಇನ್ನೂ ಅಗಲ ಇತ್ತು. ಬಾಂದ್ರಾ ಬದಿಯ ದಂಡೆಯನ್ನು ಹಿಂದಕ್ಕೆ ಸರಿಸು.